ಕಲಬುರಗಿ ಬಜಾರಿನ ಆಂಪ್ಲಿಫೈಯರ್‌ಗಳು: ಮರೆಯಲ್ಲಿಟ್ಟು ಕೇಳಿದರೆ ಎಷ್ಟು ವ್ಯತ್ಯಾಸ?

ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಸುತ್ತಲಿನ ದುಕಾನುಗಳಲ್ಲಿ ಆಂಪ್ಲಿಫೈಯರ್ ತೋರಿಸುವ ರೀತಿ ಹೆಚ್ಚುಕಮ್ಮಿ ಒಂದೇ. ಗೋಡೆಗೆ ಸ್ಪೀಕರ್, ಕೆಳಗೆ ಸಾಲಾಗಿ ಮೂರ್ನಾಲ್ಕು ಸೆಟ್ಟು, ಕೈಗೆಟಕುವಂತೆ ಒಂದು ಸ್ವಿಚ್ಚು. "ಮೊದಲ ಇದು ಕೇಳ್ರಿ ಅಣ್ಣಾ. ಈಗ ಇದು. ಬೇಸ್ ಹ್ಯಾಂಗ್ ಬರ್ಲಾಕತ್ತದ ನೋಡ್ರಿ!" ಎರಡನೆಯದು ಖರೇನೇ ಚಲೋ ಕೇಳಿಸುತ್ತದೆ. ಕೇಳಿಸದೆ ಏನು, ಅದರ ವಾಲ್ಯೂಮ್ ಒಂದು ಗೆರೆ ಮುಂದಿದೆ, ಬೇಸ್ ಗುಂಡಿ ಅರ್ಧ ದಾಟಿ ತಿರುಗಿದೆ, ಬೆಲೆಯ ಚೀಟಿ ಎದುರಿಗೇ ಅಂಟಿದೆ. ಈ ಮೂರನ್ನೂ ಬದಿಗಿಟ್ಟು ಕೇಳಿದರೆ ಉಳಿಯುವುದೇನು ಎಂದು ನೋಡುವ ವಿಮರ್ಶೆ ಇದು. ನೋಡಿರುವ ಮಾಲು ಈ ಭಾಗದ ಮಂದಿ ಮನೆಗೆ ಕೊಳ್ಳುವ ನಾಲ್ಕು ತರದ್ದು: ಆನ್‌ಲೈನ್‌ನಿಂದ ಬರುವ ಚಿಕ್ಕ ಕ್ಲಾಸ್-ಡಿ ಬೋರ್ಡು (ಅತಿ ವೇಗದಲ್ಲಿ ಆನ್–ಆಫ್ ಆಗುತ್ತಾ ಕೆಲಸ ಮಾಡುವ ಚಿಪ್ಪಿನದು), ಇಲ್ಲೇ ಜೋಡಿಸಿ ಕೊಡುವ 5200–1943 ಆಂಪ್ಲಿ (ಇವು ಒಳಗಿನ ಪವರ್ ಟ್ರಾನ್ಸಿಸ್ಟರ್ ಜೋಡಿಯ ನಂಬರು), ಕಂಪನಿಯ ಸ್ಟೀರಿಯೋ ಅಥವಾ ಹಳೆಯ ರಿಸೀವರ್ (ರೇಡಿಯೋ ಸೇರಿದ ಆಂಪ್ಲಿ), ಮತ್ತು ವಾಲ್ವ್ ಸೆಟ್ಟು (ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬು ಇರುವುದು).

ತೀರ್ಪನ್ನು ಮೊದಲೇ ಹೇಳಿಬಿಡುವುದು ವಾಸಿ. ಎರಡರ ಸದ್ದಿನ ಮಟ್ಟವನ್ನೂ ಸರಿಯಾಗಿ ಹೊಂದಿಸಿ, ಟೋನ್ ಗುಂಡಿಗಳನ್ನು ಸರ್ಕ್ಯೂಟಿನಿಂದ ಹೊರಗಿಟ್ಟು, ಯಾವುದನ್ನೂ ಅದರ ತಾಕತ್ತು ಮೀರಿ ಓಡಿಸದೆ ಕೇಳಿದರೆ, ಸರಿಯಾಗಿ ಕಟ್ಟಿದ ಎರಡು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳನ್ನು ಕಿವಿಯಿಂದ ಬೇರ್ಪಡಿಸುವುದು ಆಗದ ಮಾತು. ಸರಿಯಾಗಿ ಕಟ್ಟದವು ಮಾತ್ರ ಗುರುತು ಸಿಗುತ್ತವೆ, ಮತ್ತು ಅವು ಯಾಕೆ ಗುರುತು ಸಿಗುತ್ತವೆ ಎಂಬುದಕ್ಕೆ ಪ್ರತಿ ಸಲ ಮೀಟರಿಗೆ ಸಿಕ್ಕುವ ಕಾರಣ ಇರುತ್ತದೆ.

ಈ ಜಗಳ ಹೊಸದಲ್ಲ. 1978ರಲ್ಲಿ ಬ್ರಿಟನ್ನಿನ ಕ್ವಾಡ್ ಕಂಪನಿ ತನ್ನವೇ ಮೂರು ತಲೆಮಾರಿನ ಆಂಪ್ಲಿಫೈಯರ್‌ಗಳನ್ನು (ವಾಲ್ವಿನ ಕ್ವಾಡ್ 2, ಟ್ರಾನ್ಸಿಸ್ಟರಿನ 303 ಮತ್ತು 405) ಕೇಳುಗರ ಮುಂದೆ ಮರೆಯಲ್ಲಿಟ್ಟು ಪರೀಕ್ಷೆ ಮಾಡಿಸಿತು. ಕೇಳುಗರಿಗೆ ಬೇರ್ಪಡಿಸಲಾಗಲಿಲ್ಲ. 1987ರ ಜನವರಿಯಲ್ಲಿ ಅಮೆರಿಕದ ಸ್ಟೀರಿಯೋ ರಿವ್ಯೂ ಪತ್ರಿಕೆ 220 ಡಾಲರಿನ ಪಯೋನಿಯರ್ ರಿಸೀವರ್‌ನಿಂದ 12,000 ಡಾಲರಿನ ಫಟರ್‌ಮನ್ ವಾಲ್ವ್ ಜೋಡಿಯವರೆಗೆ ಆರು ಆಂಪ್ಲಿಫೈಯರ್‌ಗಳನ್ನು 25 ಮಂದಿಗೆ ಕೇಳಿಸಿದ ಫಲಿತಾಂಶ ಅಚ್ಚು ಹಾಕಿತು. ವ್ಯತ್ಯಾಸ ಇದ್ದೇ ಇದೆ ಎಂದು ನಂಬಿದವರೂ ಅದರಲ್ಲಿದ್ದರು, ನಂಬದವರೂ ಇದ್ದರು. ಇಬ್ಬರ ಉತ್ತರವೂ ನಾಣ್ಯ ಚಿಮ್ಮಿದಷ್ಟೇ ಸರಿ ಬಂತು. ಕಾರ್ ಆಡಿಯೋದ ರಿಚರ್ಡ್ ಕ್ಲಾರ್ಕ್, ಎರಡು ಆಂಪ್ಲಿಗಳನ್ನು ಕಿವಿಯಿಂದಲೇ ಬೇರ್ಪಡಿಸಿದವರಿಗೆ ಹತ್ತು ಸಾವಿರ ಡಾಲರ್ ಬಹುಮಾನ ಇಟ್ಟ. ಹನ್ನೆರಡಕ್ಕೆ ಹನ್ನೆರಡು, ಅದೂ ಎರಡು ಸುತ್ತು, ಸರಿಯಾಗಿ ಹೇಳಬೇಕಿತ್ತು. ಬಹುಮಾನ ಯಾರ ಕೈಗೂ ಹೋಗಲಿಲ್ಲ. ಅಮೆರಿಕದ ಆಂಪ್ಲಿಫೈಯರ್ ತಯಾರಕ ಬಾಬ್ ಕಾರ್ವರ್ 1985ರಲ್ಲಿ ಮಾಡಿದ್ದು ಇನ್ನೂ ಸ್ವಾರಸ್ಯದ್ದು. ಸ್ಟೀರಿಯೋಫೈಲ್ ಪತ್ರಿಕೆಯವರು ಆರಿಸಿಕೊಟ್ಟ ದುಬಾರಿ ಆಂಪ್ಲಿಫೈಯರ್‌ನ ನಡವಳಿಕೆಗೆ ತನ್ನ ಅಗ್ಗದ ಆಂಪ್ಲಿಫೈಯರ್ ಹೊಂದುವಂತೆ ಹೋಟೆಲ್ ಕೋಣೆಯಲ್ಲಿ ಕೂತು ಬಿಡಿಭಾಗ ಬದಲಿಸುತ್ತಾ ಹೋದ. ಕೊನೆಗೆ ಪತ್ರಿಕೆಯವರಿಗೇ ಯಾವುದು ಯಾವುದೆಂದು ಹೇಳಲಾಗಲಿಲ್ಲ.

ಇನ್ನು ಮನೆಯಲ್ಲಿ ಪರೀಕ್ಷೆ ಮಾಡುವ ಬಗೆ. ಇದನ್ನು ಬಿಟ್ಟರೆ ಉಳಿದ ಮಾತಿಗೆ ಬೆಲೆಯಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ.

ಮೊದಲು ಮೀಟರು. ಎಲ್ಲ ಅಂಗಡಿಯಲ್ಲೂ ಸಿಗುವ ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರಿನಲ್ಲಿ ಎಸಿ ಅಳೆಯಲು 200 ಮತ್ತು 750 ವೋಲ್ಟಿನ ರೇಂಜ್ ಮಾತ್ರ ಇರುತ್ತವೆ. ಅದರ ಕೊನೆಯ ಅಂಕಿ 0.1 ವೋಲ್ಟು. ಸ್ಪೀಕರಿನ ಮೇಲೆ 1 ವೋಲ್ಟ್ ಇಟ್ಟು ಅಳೆಯುವಾಗ ಒಂದು ಅಂಕಿ ಜಿಗಿದರೆ 0.8 ಡೆಸಿಬಲ್ (ಸದ್ದಿನ ಮಟ್ಟದ ಅಳತೆ) ತಪ್ಪಿದಂತೆ. ನಮಗೆ ಬೇಕಿರುವುದು 0.1 ಡೆಸಿಬಲ್ ಒಳಗಿನ ಹೊಂದಾಣಿಕೆ, ಅಂದರೆ 1.000 ಮತ್ತು 1.012 ವೋಲ್ಟಿನ ನಡುವಿನ ಅಂತರ. ಆದ್ದರಿಂದ ಎಸಿಯಲ್ಲಿ 2 ವೋಲ್ಟ್ ರೇಂಜ್ ಇರುವ ಮೀಟರೇ ಬೇಕು. ಫೋನಿನ ಟೋನ್ ಆ್ಯಪ್‌ನಲ್ಲಿ 400 ಹರ್ಟ್ಸ್ ಸೈನ್ ಹಚ್ಚಿ. ಸಾವಿರ ಹರ್ಟ್ಸ್ ಬೇಡ, ಸಾಧಾರಣ ಮೀಟರುಗಳು ಅಷ್ಟು ಮೇಲೆ ಹೋದರೆ ತಪ್ಪು ತೋರಿಸುತ್ತವೆ. ಸ್ಪೀಕರ್ ಜೋಡಿಸಿದ ಹಾಗೆಯೇ ಅದರ ಟರ್ಮಿನಲ್‌ಗೆ ಮೀಟರ್ ಹಿಡಿದು, ಎಡ ಬಲ ಎರಡನ್ನೂ ಬೇರೆ ಬೇರೆ ಅಳೆಯಿರಿ. ವಾಲ್ಯೂಮ್ ಗುಂಡಿಯ ಜೋಡಿ ಪಾಟ್‌ಗಳು ಕೆಳಗಿನ ಕಾಲು ಭಾಗದಲ್ಲಿ ಒಂದಕ್ಕೊಂದು ತಾಳೆಯಾಗುವುದಿಲ್ಲ, ಎಡ–ಬಲದಲ್ಲಿ ಎರಡು ಡೆಸಿಬಲ್ ಏರುಪೇರು ಬಂದರೂ ಅಚ್ಚರಿಯಿಲ್ಲ.

ಮಟ್ಟದ ಮೇಲೆ ಇಷ್ಟು ಜುಲುಮೆ ಯಾಕೆಂದರೆ, ಅರ್ಧ ಡೆಸಿಬಲ್ ಹೆಚ್ಚಾದರೆ ಕಿವಿ ಅದನ್ನು 'ಜೋರು' ಎಂದು ಹೇಳುವುದಿಲ್ಲ. 'ಸ್ಪಷ್ಟ', 'ತುಂಬಿದ ದನಿ', 'ತಬಲಾದ ಪೆಟ್ಟು ಬೇರೆ ಕೇಳತದ' ಎಂದೆಲ್ಲ ಹೇಳುತ್ತದೆ. ಆಡಿಯೋ ಅಂಗಡಿಗಳ ಅರ್ಧ ವ್ಯಾಪಾರ ನಡೆಯುವುದೇ ಇದರ ಮೇಲೆ.

ಎರಡನೆಯದು ಸ್ವಿಚ್ಚು. ಇಲ್ಲಿಯೇ ಬೋರ್ಡು ಸುಡುವುದು. ಸಾಮಾನ್ಯ ಆಂಪ್ಲಿಯಲ್ಲಿ ಕಪ್ಪು ಟರ್ಮಿನಲ್ ಎಂದರೆ ನೆಲ (ಗ್ರೌಂಡ್). ಕ್ಲಾಸ್-ಡಿ ಬೋರ್ಡುಗಳಲ್ಲಿ ಹಾಗಲ್ಲ. ಅಲ್ಲಿ ಕೆಂಪು ಕಪ್ಪು ಎರಡರಲ್ಲೂ ಚಾಲೂ ಸಿಗ್ನಲ್ ಇರುತ್ತದೆ. ಎರಡು ಸೆಟ್ಟಿನ ಕಪ್ಪು ವೈರುಗಳನ್ನು ಒಟ್ಟಿಗೆ ಕಟ್ಟಿ ಕೆಂಪನ್ನು ಮಾತ್ರ ಬದಲಿಸುವ ಸ್ವಿಚ್ ಹಾಕಿದರೆ ಕ್ಲಾಸ್-ಡಿ ಚಿಪ್ಪಿನ ಅರ್ಧ ಔಟ್‌ಪುಟ್ ನೆಲಕ್ಕೆ ಶಾರ್ಟ್ ಆಗುತ್ತದೆ. ಪ್ರೊಟೆಕ್ಷನ್ ಕೆಲಸ ಮಾಡಿದರೆ ಪುಣ್ಯ. ಸ್ಟೀರಿಯೋಗೆ ನಾಲ್ಕು ವೈರು, ನಾಲ್ಕೂ ಬದಲಾಗಬೇಕು. ಮೋಟಾರ್ ಪ್ಯಾನೆಲ್ ಬೋರ್ಡಿಗೆ ಹಾಕುವ 14 ಪಿನ್ನಿನ ನಾಲ್ಕು-ಪೋಲ್ ರಿಲೇ ಮತ್ತು ಅದರ ಸಾಕೆಟ್ ತಂದರೆ ಕೆಲಸ ಮುಗಿಯಿತು. ಮನೆಯ ಮಟ್ಟದ ಸದ್ದಿಗೆ ಅದರ ಕಾಂಟ್ಯಾಕ್ಟ್ ಧಾರಾಳ ಸಾಲುತ್ತದೆ. ಕಾಯಿಲ್ 12 ವೋಲ್ಟ್ ಡಿಸಿಯದು ತೆಗೆದುಕೊಳ್ಳಿ. ರಿಲೇ ಹಿಡಿಯುವಾಗಿನ 'ಟಕ್' ಒಂದು ತರ, ಬಿಡುವಾಗಿನದು ಇನ್ನೊಂದು ತರ, ಚುರುಕು ಕಿವಿಯವರು ಅದರಿಂದಲೇ ಉತ್ತರ ಹೇಳಿಬಿಡುತ್ತಾರೆ. ಹಾಗಾಗಿ ರಿಲೇಯನ್ನೂ ಸ್ವಿಚ್ ಒತ್ತುವವರನ್ನೂ ಪಕ್ಕದ ಕೋಣೆಗೆ ಕಳಿಸಿ. ವಾಲ್ವ್ ಆಂಪ್ಲಿ ಪರೀಕ್ಷೆಯಲ್ಲಿದ್ದರೆ ಅದನ್ನು ಸ್ಪೀಕರಿನಿಂದ ಬಿಡಿಸಿದ ಕ್ಷಣದಲ್ಲಿ 8 ಓಮ್, 20 ವ್ಯಾಟಿನ ರೆಸಿಸ್ಟರ್‌ಗೆ ಜೋಡುವಂತೆ ಜೊತೆಗೇ ಹಿಡಿದು ಬಿಡುವ ಇನ್ನೊಂದು ರಿಲೇ ಬಳಸಿ, ಮೊದಲನೆಯದರ ನಾಲ್ಕೂ ಪೋಲ್ ಸ್ಪೀಕರ್ ವೈರುಗಳಿಗೇ ಮುಗಿದಿರುತ್ತವೆ. ಲೋಡಿಲ್ಲದೆ ಓಡಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ.

ಪ್ರತಿ ಸಲ ಯಾವುದನ್ನು ಹಚ್ಚಬೇಕೆಂದು ಒತ್ತುವವರು ನಾಣ್ಯ ಚಿಮ್ಮಿಯೇ ನಿರ್ಧರಿಸಿ ಬರೆದಿಟ್ಟುಕೊಳ್ಳಲಿ. ಕೇಳುವವರು 16 ಸಲ ಉತ್ತರ ಬರೆಯಲಿ. 12 ಅಥವಾ ಹೆಚ್ಚು ಸರಿ ಬಂದರೆ ಏನೋ ಕೇಳಿಸಿದೆ ಎನ್ನಬಹುದು. ಸುಮ್ಮನೆ ಊಹಿಸಿದರೆ 12 ತಲುಪುವ ಸಾಧ್ಯತೆ ನೂರಕ್ಕೆ ನಾಲ್ಕರಷ್ಟೂ ಇಲ್ಲ. ಆದರೆ ಇಪ್ಪತ್ತೈದು ಮಂದಿಯನ್ನು ಕೂರಿಸಿದರೆ ಅವರಲ್ಲೊಬ್ಬರಾದರೂ ಅದೃಷ್ಟದಿಂದಲೇ 12 ಮುಟ್ಟುವ ಸಾಧ್ಯತೆಯೇ ಹೆಚ್ಚು. ಅವರನ್ನು 'ಬಂಗಾರದ ಕಿವಿ' ಎಂದು ಹೊಗಳುವ ಮೊದಲು ಇನ್ನೊಮ್ಮೆ ಕೂರಿಸಿ ನೋಡಿ.

ಈಗ ಮಾಲಿಗೆ ಬರೋಣ.

ಟಿಪಿಎ3116 ಚಿಪ್ಪಿನ ಸ್ಟೀರಿಯೋ ಬೋರ್ಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಅದರ ಮೇಲೆ '50+50' ಎಂದೋ '100' ಎಂದೋ ಬರೆದಿರುತ್ತದೆ. ಚಿಪ್ಪಿನ ಕಂಪನಿ ಹೇಳುವ 50 ವ್ಯಾಟು 21 ವೋಲ್ಟ್ ಸಪ್ಲೈ, 4 ಓಮ್ ಸ್ಪೀಕರ್, ನೂರಕ್ಕೆ ಹತ್ತು ಡಿಸ್ಟಾರ್ಶನ್ (ಸದ್ದಿನ ವಿಕಾರ) ಇರುವಾಗಿನ ಲೆಕ್ಕ. ನಮ್ಮಲ್ಲಿ ಮಂದಿ ಇದಕ್ಕೆ ಹಚ್ಚುವುದು ಹಳೆಯ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರು. 12 ವೋಲ್ಟಿನಲ್ಲಿ 8 ಓಮ್ ಸ್ಪೀಕರಿಗೆ ಶುದ್ಧವಾಗಿ ಸಿಗುವುದು ಚಾನೆಲ್ಲಿಗೆ ಸುಮಾರು 8 ವ್ಯಾಟು, ಅಷ್ಟೇ. 24 ವೋಲ್ಟ್, 4 ಆಂಪಿಯರಿನ ಅಡಾಪ್ಟರ್ ಹಚ್ಚಿದರೆ 30 ದಾಟುತ್ತದೆ. ಇದಕ್ಕೆ ಹಾಕುವ ದುಡ್ಡು ಬೋರ್ಡಿಗಿಂತ ಜಾಸ್ತಿಯಾದರೂ ಹಾಕಿ. ಮರೆಯಲ್ಲಿಟ್ಟು ಕೇಳಿದಾಗ ಈ ಬೋರ್ಡು ಸಿಕ್ಕಿಬೀಳುವುದು ಎರಡೇ ಕಡೆ. ಒಂದು, ಹಾಡಿಲ್ಲದಾಗಿನ 'ಸ್ಸ್' ಸದ್ದು. ಚಿಪ್ಪಿನ ಗೇನ್ (ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ) 20, 26, 32, 36 ಡೆಸಿಬಲ್ ಎಂದು ನಾಲ್ಕು ಮೆಟ್ಟಿಲಲ್ಲಿ ಬದಲಾಗುತ್ತದೆ, ಎರಡು ಚಿಕ್ಕ ರೆಸಿಸ್ಟರ್ ಬದಲಿಸಿದರೆ ಸಾಕು. ಅಗ್ಗದ ಬೋರ್ಡಿನವರು ಜೋರು ಕೇಳಲೆಂದು ಮೇಲಿನ ಮೆಟ್ಟಿಲಲ್ಲೇ ಬಿಟ್ಟಿರುತ್ತಾರೆ. 26ಕ್ಕೆ ಇಳಿಸಿದರೆ ಸ್ಸ್ ಎನ್ನುವುದು ಬಹುಮಟ್ಟಿಗೆ ಅಡಗುತ್ತದೆ. ಇನ್ನೊಂದು, ಔಟ್‌ಪುಟ್ಟಿನ ಕಾಯಿಲ್–ಕೆಪಾಸಿಟರ್ ಫಿಲ್ಟರ್ ಒಂದೇ ಓಮ್ ಲೆಕ್ಕಕ್ಕೆ ಕಟ್ಟಿದ್ದು. ಸ್ಪೀಕರ್ ಬದಲಾದರೆ 15 ಸಾವಿರ ಹರ್ಟ್ಸ್ ಮೇಲೆ ಒಂದೆರಡು ಡೆಸಿಬಲ್ ಏರಿಳಿಯಬಹುದು. ಹದಿನೆಂಟರ ಹುಡುಗರಿಗೆ ತಾಳದ ಸದ್ದಿನಲ್ಲಿ ಗೊತ್ತಾದರೂ ಆದೀತು. ಐವತ್ತು ದಾಟಿದವರು ಚಿಂತೆ ಮಾಡುವ ಕಾರಣವಿಲ್ಲ. ದೊಡ್ಡ ಕೋಣೆಗೆ ಟಿಪಿಎ3255 ಚಿಪ್ಪಿನ ಡಬ್ಬಿಗಳಿವೆ. 32 ಅಥವಾ 48 ವೋಲ್ಟ್ ಅಡಾಪ್ಟರಿನಲ್ಲಿ ಓಡುವ ಇವಕ್ಕೆ ತಾಕತ್ತಿನ ಕೊರತೆ ಮನೆಯಲ್ಲಿ ಬರುವುದಿಲ್ಲ.

ಇಲ್ಲೇ ಜೋಡಿಸಿದ ಆಂಪ್ಲಿ ಬೇರೆಯೇ ಕಥೆ. ಕಬ್ಬಿಣದ ಕ್ಯಾಬಿನೆಟ್, ಒಳಗೆ 24-0-24 (ನಡುವಿನ ಸೊನ್ನೆಯಿಂದ ಎರಡೂ ಬದಿಗೆ 24 ವೋಲ್ಟ್) ಟ್ರಾನ್ಸ್‌ಫಾರ್ಮರ್, ಚಾನೆಲ್ಲಿಗೆ ಒಂದು ಜೋಡಿ 5200–1943, ಮುಂದೆ 4558 ಐಸಿಯ ಟೋನ್ ಬೋರ್ಡು, ಅದಕ್ಕೂ ಮುಂದೆ ಬಣ್ಣದ ದೀಪ ಹತ್ತುವ ಬ್ಲೂಟೂತ್ ಪ್ಯಾನೆಲ್ಲು. ಇದು ಕಂಪನಿ ಸೆಟ್ಟಿಗಿಂತ 'ಜಬರ್ದಸ್ತ್' ಕೇಳುವುದು ಟ್ರಾನ್ಸಿಸ್ಟರಿನಿಂದಲ್ಲ, ಟೋನ್ ಬೋರ್ಡಿನಿಂದ. ಬೇಸ್ ಗುಂಡಿ ಪೂರ್ತಿ ತಿರುಗಿಸಿದರೆ ಹತ್ತು ಡೆಸಿಬಲ್ ಹತ್ತಿರ ಎತ್ತುತ್ತದೆ, ಎಷ್ಟೋ ಬೋರ್ಡುಗಳಲ್ಲಿ ಗುಂಡಿ ನಡುವಿಗಿಟ್ಟರೂ ರೇಖೆ ಸಪಾಟಾಗುವುದಿಲ್ಲ. ಟೋನ್ ಬೋರ್ಡನ್ನು ದಾಟಿಸಿ ವಾಲ್ಯೂಮ್ ಪಾಟಿನಿಂದ ನೇರ ಪವರ್ ಬೋರ್ಡಿಗೆ ವೈರ್ ಹಾಕಿ ಕೇಳಿದರೆ, ಬಯಾಸ್ (ಹಾಡಿಲ್ಲದಾಗಲೂ ಪವರ್ ಟ್ರಾನ್ಸಿಸ್ಟರಿನಲ್ಲಿ ಹರಿಯಬೇಕಾದ ಸಣ್ಣ ಕರೆಂಟು) ಸರಿಯಿದ್ದ ಪಕ್ಷದಲ್ಲಿ ಅದಕ್ಕೂ ಹತ್ತು ಪಟ್ಟು ಬೆಲೆಯ ಕಂಪನಿ ಸೆಟ್ಟಿಗೂ ವ್ಯತ್ಯಾಸ ಹುಡುಕುವುದು ಕಷ್ಟ.

ಬಯಾಸ್ ಸರಿಯಿರುವುದು ಅಪರೂಪ ಎನ್ನುವುದೇ ತೊಂದರೆ. ಅಳೆಯುವುದು ಹೀಗೆ. ಇನ್‌ಪುಟ್ ಏನೂ ಇಲ್ಲದೆ, ಸ್ಪೀಕರ್ ತೆಗೆದು, ಕಾಲು ತಾಸು ಚಾಲೂ ಇಡಿ. ಪವರ್ ಟ್ರಾನ್ಸಿಸ್ಟರಿನ ಪಕ್ಕದ ಬಿಳಿ ಸಿಮೆಂಟ್ ರೆಸಿಸ್ಟರ್ (0.22 ಅಥವಾ 0.33 ಓಮ್, 5 ವ್ಯಾಟು) ಎರಡೂ ತುದಿಗೆ ಮೀಟರನ್ನು 200 ಮಿಲಿವೋಲ್ಟ್ ಡಿಸಿಯಲ್ಲಿ ಹಿಡಿಯಿರಿ. 0.22 ಓಮಿಗೆ 6ರಿಂದ 11, 0.33ಕ್ಕೆ 10ರಿಂದ 16 ಮಿಲಿವೋಲ್ಟ್ ಬಂದರೆ 30–50 ಮಿಲಿ ಆಂಪಿಯರ್ ಹರಿಯುತ್ತಿದೆ ಎಂದರ್ಥ, ಇದು ಸರಿ. ಸೊನ್ನೆ ಬಂದರೆ ಸಣ್ಣ ದನಿಯಲ್ಲಿ ಹಾಡು ಒರಟಾಗುತ್ತದೆ. ಸಿತಾರಿನ ಮೀಂಡ್ ಇಳಿಯುತ್ತಾ ಹೋದಂತೆ ಕೊನೆಯಲ್ಲಿ ಮರಳು ಬಿದ್ದಂತೆ ಕರಕರ ಎನ್ನುತ್ತದೆ. ಇಂಥದ್ದನ್ನು ಮರೆಯಲ್ಲಿಟ್ಟರೂ 16ಕ್ಕೆ 16 ಗುರುತಿಸಬಹುದು. 30 ಮಿಲಿವೋಲ್ಟ್ ದಾಟಿ, ನೋಡನೋಡುತ್ತಲೇ ಏರುತ್ತಿದ್ದರೆ ತಕ್ಷಣ ಆಫ್ ಮಾಡಿ. ಬಯಾಸ್ ಡಯೋಡು ಅಥವಾ ಚಿಕ್ಕ ಟ್ರಾನ್ಸಿಸ್ಟರನ್ನು ಹೀಟ್‌ಸಿಂಕಿಗೆ ಅಂಟಿಸದೆ ಗಾಳಿಯಲ್ಲಿ ಬಿಟ್ಟಿರುತ್ತಾರೆ. ಕಾವೇರಿದಂತೆ ಕರೆಂಟು ಏರಿ, ಕರೆಂಟು ಏರಿದಂತೆ ಕಾವೇರಿ, ಮೇ ತಿಂಗಳ ಒಂದು ಮಧ್ಯಾಹ್ನ ಎರಡೂ ಟ್ರಾನ್ಸಿಸ್ಟರ್ ಒಟ್ಟಿಗೆ ಶಾರ್ಟ್ ಆಗುತ್ತವೆ. ಹೋಗುವಾಗ ಸ್ಪೀಕರಿನ ಕಾಯಿಲನ್ನೂ ಕರೆದುಕೊಂಡು ಹೋಗುತ್ತವೆ, ಏಕೆಂದರೆ ಈ ಸೆಟ್ಟುಗಳಲ್ಲಿ ಸ್ಪೀಕರ್ ಪ್ರೊಟೆಕ್ಷನ್ ರಿಲೇ ಬಹುಶಃ ಇರುವುದಿಲ್ಲ. ಅದನ್ನು ಕೇಳಿ ಹಾಕಿಸಿ.

ಕ್ಯಾಬಿನೆಟ್ ಮೇಲಿನ '600 ವ್ಯಾಟ್' ಅಕ್ಷರಕ್ಕೆ ಬೆಲೆ ಕೊಡಬೇಡಿ. 24-0-24 ಎಂದರೆ ರೆಕ್ಟಿಫೈ ಆದ ಮೇಲೆ ಹೆಚ್ಚುಕಡಿಮೆ 33-0-33 ವೋಲ್ಟು. ಟ್ರಾನ್ಸಿಸ್ಟರಿನಲ್ಲಿ ಕಳೆಯುವುದು, ಲೋಡಿಗೆ ಕುಸಿಯುವುದು ಎಲ್ಲ ತೆಗೆದರೆ 8 ಓಮಿಗೆ ಚಾನೆಲ್ಲಿಗೆ 40 ವ್ಯಾಟು. 3 ಆಂಪಿಯರಿನ ಟ್ರಾನ್ಸ್‌ಫಾರ್ಮರ್ ಒಟ್ಟು ಕೊಡಬಲ್ಲದ್ದೇ 144 ವೋಲ್ಟ್-ಆಂಪಿಯರು. ಅದರಿಂದ 600 ಬರುವುದಾದರೆ ಕಲಬುರಗಿಗೆ ಬೇರೆ ಪವರ್ ಹೌಸೇ ಬೇಕಿಲ್ಲ. ವೈಂಡಿಂಗ್ ತಾಮ್ರದ್ದೋ ಅಲ್ಯೂಮಿನಿಯಂದೋ ಎಂದು ತುದಿಯ ವಾರ್ನಿಷ್ ಕೆರೆದು ನೋಡಿ. ಟ್ರಾನ್ಸಿಸ್ಟರುಗಳಲ್ಲಿ ನಕಲಿ ಮಾಲು ವಿಪರೀತ: ಅಸಲಿ 5200 ತಡೆಯುವುದು 230 ವೋಲ್ಟ್, 15 ಆಂಪಿಯರ್. ನಕಲಿಯಲ್ಲಿ ಒಳಗಿನ ಸಿಲಿಕಾನ್ ತುಂಡು ಉಗುರಿನ ತುದಿಯಷ್ಟಿರುತ್ತದೆ, ಸಾದಾ ಹಾಡಿಗೆ ತಾಳುತ್ತದೆ, ಮದುವೆ ಮನೆಯಲ್ಲಿ ಕೈಕೊಡುತ್ತದೆ. ಸದ್ದಿನಲ್ಲಿ ಅಸಲಿ ನಕಲಿ ಗೊತ್ತಾಗುವುದಿಲ್ಲ, ಬಾಳಿಕೆಯಲ್ಲಿ ಗೊತ್ತಾಗುತ್ತದೆ.

ಕಂಪನಿಯ ಹೊಸ ಸ್ಟೀರಿಯೋ ಬಗ್ಗೆ ಹೇಳುವುದು ಕಡಿಮೆ. ಟೋನ್ ಗುಂಡಿ ನಡುವಿಗಿಟ್ಟು ಲೌಡ್‌ನೆಸ್ ಆಫ್ ಮಾಡಿದರೆ ಎಲ್ಲವೂ ಒಂದೇ ತರ ಕೇಳುತ್ತವೆ, ಮತ್ತು ಅದು ಹೊಗಳಿಕೆಯೇ. ನೀವು ದುಡ್ಡು ಕೊಡುವುದು ಪ್ರೊಟೆಕ್ಷನ್, ರಿಮೋಟ್, ವಾರಂಟಿಗೆ. ಹಳೆಯ ರಿಸೀವರ್ ಕೊಳ್ಳುವವರು ವಾಲ್ಯೂಮ್ ತಿರುಗಿಸಿ ಕರಕರ ಇದೆಯೇ, ಒಂದು ಚಾನೆಲ್ ಸಣ್ಣ ದನಿಯಲ್ಲಿ ಮಾಯವಾಗಿ ಜೋರು ಮಾಡಿದಾಗ ಬರುತ್ತದೆಯೇ ನೋಡಿ. ಎರಡನೆಯದು ಸ್ಪೀಕರ್ ರಿಲೇಯ ಕಾಂಟ್ಯಾಕ್ಟ್ ಕಪ್ಪಾಗಿರುವ ಗುರುತು, ರಿಲೇ ಬದಲಿಸಿದರೆ ಸರಿಹೋಗುತ್ತದೆ. ಸೌದಿಯಿಂದ ತಂದ ಸೆಟ್ಟಾದರೆ ಹಿಂದಿನ ವೋಲ್ಟೇಜ್ ಸೆಲೆಕ್ಟರನ್ನು ಪ್ಲಗ್ ಚುಚ್ಚುವ ಮೊದಲೇ ನೋಡಬೇಕು. ಅಲ್ಲಿ ಬಹುಕಾಲ ಮನೆಗಳಿಗೆ 127 ವೋಲ್ಟ್ ಇತ್ತು, ಸೆಲೆಕ್ಟರ್ 110–127ರ ಮೇಲೆ ನಿಂತಿರುವುದು ಸಾಮಾನ್ಯ.

ಔಟ್‌ಪುಟ್ ಇಂಪೀಡೆನ್ಸ್ (ಆಂಪ್ಲಿಯ ಒಳಗಿನ ತಡೆ) ಹೆಚ್ಚಿರುವ ವಾಲ್ವ್ ಸೆಟ್ಟು ಗುರುತು ಸಿಗುತ್ತದೆ. ಇದರಲ್ಲಿ ಜಾದೂ ಇಲ್ಲ, ಓಮ್ಸ್ ನಿಯಮ ಇದೆ. ಅದರ ಔಟ್‌ಪುಟ್ ಇಂಪೀಡೆನ್ಸ್ 2 ಓಮ್ ಎಂದಿಟ್ಟುಕೊಳ್ಳಿ. '8 ಓಮ್' ಎಂದು ಬರೆದ ಸ್ಪೀಕರ್ ಖರೇ ನೋಡಿದರೆ ಒಂದು ಸ್ವರಕ್ಕೆ 4, ಇನ್ನೊಂದಕ್ಕೆ 20 ಓಮ್ ಇರುತ್ತದೆ. 4 ಇರುವಲ್ಲಿ 3.5 ಡೆಸಿಬಲ್ ಕಳೆದುಹೋಗುತ್ತದೆ, 20 ಇರುವಲ್ಲಿ 0.8 ಮಾತ್ರ. ಎರಡರ ನಡುವೆ 2.7 ಡೆಸಿಬಲ್ ಏರುಪೇರು, ಯಾರಿಗಾದರೂ ಕೇಳುತ್ತದೆ. ಇದೇ ಲೆಕ್ಕ 0.1 ಓಮಿನ ಟ್ರಾನ್ಸಿಸ್ಟರ್ ಆಂಪ್ಲಿಗೆ ಹಾಕಿದರೆ 0.2 ಡೆಸಿಬಲ್ ಸಹ ಬರುವುದಿಲ್ಲ. ಆ ವಾಲ್ವ್ ಮಾಧುರ್ಯ ಬೇಕೆಂದವರು ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಯ ಸ್ಪೀಕರ್ ವೈರಿನಲ್ಲಿ 2 ಓಮ್, 20 ವ್ಯಾಟಿನ ರೆಸಿಸ್ಟರ್ ಸೇರಿಸಿ ನೋಡಬಹುದು, ಬಹುಪಾಲು ಬರುತ್ತದೆ. ಆನ್‌ಲೈನಿನಲ್ಲಿ ಎರಡು ಮೂರು ಸಾವಿರಕ್ಕೆ ಸಿಗುವ 'ಟ್ಯೂಬ್' ಡಬ್ಬಿಗಳು ಮಾತ್ರ ಬೇಡ. ಅವುಗಳಲ್ಲಿ ಪವರ್ ಕೊಡುವುದು ಕ್ಲಾಸ್-ಡಿ ಚಿಪ್ಪು, ಟ್ಯೂಬು ಮುಂದಿನ ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತದೆ, ಅದರ ಕಿತ್ತಳೆ ಬೆಳಕು ಎಷ್ಟೋ ಸಲ ಕೆಳಗಿಟ್ಟ ಎಲ್‌ಇಡಿಯದು.

ಪ್ರಯೋಗಶಾಲೆಯ ಪರೀಕ್ಷೆಗಳಲ್ಲಿ ಇಲ್ಲದ ಒಂದು ಅಂಶ ನಮ್ಮ ಕಡೆ ಇದೆ: ಕರೆಂಟು. ಸಂಜೆ ಬಲ್ಬು ಮಂಕಾಗಿ 230 ಇದ್ದದ್ದು 190ಕ್ಕೆ ಇಳಿದರೆ, ಟ್ರಾನ್ಸ್‌ಫಾರ್ಮರ್ ಸಪ್ಲೈಯ ಆಂಪ್ಲಿಯ ತಾಕತ್ತು ಮೂರರಲ್ಲೊಂದು ಭಾಗ ಹೋಗುತ್ತದೆ. ಹಗಲು 40 ವ್ಯಾಟ್ ಕೊಟ್ಟದ್ದು 27ಕ್ಕೇ ಒಡೆಯುತ್ತದೆ. 'ಸಂಜೆ ಸೌಂಡ್ ಕೆಡತದ' ಎಂಬ ದೂರು ಖರೆ, ಕಾರಣ ಇದು. ಅಡಾಪ್ಟರಿನಲ್ಲಿ ಓಡುವ ಕ್ಲಾಸ್-ಡಿಗೆ ಈ ಬಾಧೆಯಿಲ್ಲ. 100ರಿಂದ 240 ವೋಲ್ಟ್ ಎಂದು ಬರೆದ ಅಡಾಪ್ಟರ್ ಒಳಗೇ ಸರಿಮಾಡಿಕೊಳ್ಳುತ್ತದೆ. ರಾತ್ರಿ ಲೋಡಿಳಿದಾಗ 250 ಮುಟ್ಟಿದರೆ ಉಲ್ಟಾ ತೊಂದರೆ. 35-0-35 ಟ್ರಾನ್ಸ್‌ಫಾರ್ಮರಿನ ಸಪ್ಲೈ 54 ವೋಲ್ಟಿನ ಹತ್ತಿರ ಹೋಗುತ್ತದೆ. ಅಲ್ಲಿ 50 ವೋಲ್ಟಿನ ಕೆಪಾಸಿಟರ್ ಹಾಕಿದ್ದರೆ ನೆತ್ತಿ ಉಬ್ಬುತ್ತದೆ, 63 ವೋಲ್ಟಿನದೇ ಇರಬೇಕು. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಟ್ರಾನ್ಸ್‌ಫಾರ್ಮರ್ ಸೆಟ್ಟು ಗುಂಯ್‌ಗುಡುತ್ತದೆ, ಅದು ಆಂಪ್ಲಿಯ ದೋಷವಲ್ಲ. ಟಿವಿಗೆ ಜೋಡಿಸಿದಾಗ ಮಾತ್ರ ಗುಂಯ್ ಬಂದರೆ ಡಿಶ್ ಕೇಬಲ್ ಬಿಚ್ಚಿ ನೋಡಿ. ನಿಂತುಹೋದರೆ ಅರ್ಥಿಂಗ್ ಎರಡು ದಾರಿಯಲ್ಲಿ ಬರುತ್ತಿದೆ ಎಂದು ತಿಳಿಯಿರಿ. ಆಡಿಯೋ ವೈರಿನಲ್ಲಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸರಿಹೋಗುತ್ತದೆ. ಮೂರನೇ ಪಿನ್ ಮುರಿಯುವ ಮಿಸ್ತ್ರಿಯನ್ನು ಮನೆಗೆ ಸೇರಿಸಬೇಡಿ.

ಹೊರಗೆ 43 ಡಿಗ್ರಿ ಇದ್ದಾಗ ಗಾಜಿನ ಬಾಗಿಲಿನ ಶೋಕೇಸಿನಲ್ಲಿ 50 ದಾಟುವುದು ಸುಲಭ. ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನ ಆಯುಷ್ಯ ಪ್ರತಿ ಹತ್ತು ಡಿಗ್ರಿಗೆ ಸುಮಾರು ಅರ್ಧವಾಗುತ್ತದೆ. ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು, ಬಾಗಿಲು ತೆಗೆದಿಡಿ.

ಇಷ್ಟೆಲ್ಲ ಆದ ಮೇಲೂ ದುಡ್ಡು ಉಳಿದರೆ ಆಂಪ್ಲಿಗೆ ಹಾಕುವುದು ದಂಡ. ಸ್ಪೀಕರ್‌ಗಳ ನಡುವಿನ ವ್ಯತ್ಯಾಸ ಪಾಯಿಂಟು ಲೆಕ್ಕದ್ದಲ್ಲ, ನಾಲ್ಕೈದು ಡೆಸಿಬಲ್ಲಿನದು, ಯಾವ ಮರೆಯ ಹಿಂದಿಟ್ಟರೂ ಕೇಳುತ್ತದೆ. ಇನ್ನು ನಮ್ಮ ಮನೆಗಳ ಶಹಾಬಾದಿ ಫರ್ಸಿ, ಬರಿಯ ಗೋಡೆ: ಚಪ್ಪಾಳೆ ತಟ್ಟಿದರೆ ಝಣ್ ಎಂದು ತಿರುಗಿ ಬರುತ್ತದೆ. ಸ್ಪೀಕರಿಗೂ ಕೂರುವ ಜಾಗಕ್ಕೂ ನಡುವೆ ದಪ್ಪ ಜಮಖಾನ ಹಾಸಿ, ಎದುರು ಗೋಡೆಗೆ ಬಟ್ಟೆಯ ಪರದೆ ಬಿಡಿ. ಆಮೇಲೆ ಹಾಡಿನ ಸಾಹಿತ್ಯ ಬಿಡಿಬಿಡಿಯಾಗಿ ಕೇಳುವುದನ್ನು ಯಾವ ಆಂಪ್ಲಿಯೂ ಕೊಡಲಾರದು.

ಹಾಗಾದರೆ ಏನು ಕೊಳ್ಳಬೇಕು? ಹತ್ತು-ಹನ್ನೆರಡು ಅಡಿಯ ಕೋಣೆಗೆ ಟಿಪಿಎ3116 ಬೋರ್ಡು, 24 ವೋಲ್ಟ್ ಅಡಾಪ್ಟರ್ ಸಾಕು. ಪಡಸಾಲೆಗೆ ಟಿಪಿಎ3255 ಡಬ್ಬಿ, ಇಲ್ಲವೇ ಟೋನ್ ಬೋರ್ಡ್ ದಾಟಿಸುವ ಸ್ವಿಚ್ ಹಾಕಿಸಿದ ಸ್ಥಳೀಯ ಸೆಟ್ಟು. ಎರಡನೆಯದರ ದೊಡ್ಡ ಅನುಕೂಲವೆಂದರೆ ಕೆಟ್ಟರೆ ಇಲ್ಲೇ ರಿಪೇರಿ ಆಗುತ್ತದೆ, ಕ್ಲಾಸ್-ಡಿ ಚಿಪ್ಪು ಹೋದರೆ ಬೋರ್ಡೇ ಹೊಸದು ತರಬೇಕು. ಅಂಗಡಿಯಲ್ಲಿ ದುಡ್ಡು ಎಣಿಸುವ ಮೊದಲು ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ಅಳೆಯಿಸಿ. 50 ಮಿಲಿವೋಲ್ಟಿಗಿಂತ ಕಡಿಮೆ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಬೇರೆ ಪೀಸ್ ಕೇಳಿ. ಬಿಲ್ಲಿನ ಮೇಲೆ ವ್ಯಾಟಿನ ಬದಲು ಟ್ರಾನ್ಸ್‌ಫಾರ್ಮರಿನ ವೋಲ್ಟು, ಆಂಪಿಯರು, ಕೆಪಾಸಿಟರಿನ ವೋಲ್ಟು ಬರೆಸಿಕೊಳ್ಳಿ.